ಆಂಬುಲೆನ್ಸ್ ಓಡಿಸುವವರು ಕಾಣುತ್ತಾರೆ, ನಡೆಸುವವರು?

ಎರಡು ವರ್ಷದ ಹಿಂದಿನ ಮಳೆಗಾಲ. ಅಪ್ಪನನ್ನು ಕುಮಟಾದಿಂದ ಮಣಿಪಾಲಕ್ಕೆ ಕರೆದೊಯ್ಯಬೇಕಾಗಿತ್ತು. ರಾತ್ರಿ ಹನ್ನೊಂದು ದಾಟಿತ್ತು. ಉಸಿರಾಟದ ತೊಂದರೆ ಜಾಸ್ತಿಯಾಗಿತ್ತು, ಇಲ್ಲಿಟ್ಟುಕೊಂಡು ಪ್ರಯೋಜನವಿಲ್ಲ ಅಂದರು ಡಾಕ್ಟರು. ವಾರ್ಡಿನ ಹುಡುಗ ಯಾರಿಗೋ ಫೋನ್ ಮಾಡಿದ. ಹದಿನೈದೇ ನಿಮಿಷಕ್ಕೆ ಗಾಡಿ ಬಂತು. ಬಿಳಿ ಬಣ್ಣ, ಮೇಲೆ ತಿರುಗುವ ದೀಪ, ಹಿಂದಿನ ಗಾಜಿನ ಮೇಲೆ ದೇವರ ಹೆಸರು, ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ 'ಐಸಿಯು ಆಂಬುಲೆನ್ಸ್'. ನೋಡಿದ ಕೂಡಲೇ ಅರ್ಧ ಜೀವ ಬಂದಂತಾಯಿತು.

ಹಿಂದೆ ನಮ್ಮ ಜೊತೆ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಹತ್ತಿದ. "ಸಿಸ್ಟರ್ ಯಾರೂ ಬರೂದಿಲ್ವಾ ತಮಾ?" ಅಂತ ಆಯಿ ಕೇಳಿದಳು. "ನಾ ಇದ್ದೇನಲ್ರಾ ಅಮ್ಮ" ಅಂದ. ಹೊನ್ನಾವರ ದಾಟುವವರೆಗೆ ಎಲ್ಲ ಸರಿ ಇತ್ತು. ಆಮೇಲೆ ನನ್ನ ಕಣ್ಣು ಸಿಲಿಂಡರಿನ ಗೇಜಿನ ಮೇಲೆ ಬಿತ್ತು. ಅಲ್ಲಿಂದ ಕಣ್ಣು ಕೀಳಲಾಗಲಿಲ್ಲ. ಹೊರಡುವಾಗ ಮುಳ್ಳು ಅರವತ್ತರ ಹತ್ತಿರ ಇದ್ದದ್ದು ನೆನಪಿದೆ. ಶಿರಾಲಿ ದಾಟುವಾಗ ಕೆಂಪು ಪಟ್ಟಿಗೆ ಇಳಿದಿತ್ತು. ಇನ್ನೊಂದು ಸಿಲಿಂಡರ್ ಇತ್ತು, ಸೀಟಿನ ಅಡಿಯಲ್ಲಿ. ಅದನ್ನು ಬಿಚ್ಚಿ ಜೋಡಿಸುವ ಪಾನ (ಸ್ಪ್ಯಾನರ್) ಮಾತ್ರ ಎಲ್ಲೂ ಸಿಗಲಿಲ್ಲ. ಹುಡುಗ ಮೊಬೈಲ್ ಟಾರ್ಚ್ ಹಿಡಿದು ಹುಡುಕಿದ, ನಾನೂ ಹುಡುಕಿದೆ. ಕೊನೆಗೆ ಭಟ್ಕಳದಲ್ಲಿ ಒಂದು ಆಸ್ಪತ್ರೆಗೆ ಗಾಡಿ ತಿರುಗಿಸಿ, ಅಲ್ಲಿನವರ ಕೈಕಾಲು ಹಿಡಿದು, ಅವರ ಪಾನ ತಂದು ಸಿಲಿಂಡರ್ ಬದಲಾಯಿಸಿದ್ದಾಯಿತು. ಅಪ್ಪ ಉಳಿದರು. ಈಗಲೂ ಬೆಳಿಗ್ಗೆ ಎದ್ದು ತೋಟಕ್ಕೊಂದು ಸುತ್ತು ಹಾಕಿ ಬರುತ್ತಾರೆ.

ಆ ಹುಡುಗ ಯಾರು ಅಂತ ಗೊತ್ತಾದದ್ದು ಮಣಿಪಾಲದಲ್ಲಿ, ಚಾ ಕುಡಿಯುವಾಗ. ಡ್ರೈವರಿನ ಅಕ್ಕನ ಮಗ. ಡ್ರೈವರ್ ಅದೇ ದಿನ ಬೆಳಿಗ್ಗೆ ಬೆಂಗಳೂರಿನಿಂದ ಟ್ರಿಪ್ ಮುಗಿಸಿ ಬಂದಿದ್ದ. ನಿದ್ದೆ ಬಾರದ ಹಾಗೆ ಮಾತಾಡಿಸುತ್ತಾ ಇರಲಿ ಅಂತ ಈತನನ್ನು ಕರೆದುಕೊಂಡು ಬಂದದ್ದು. ಹಿಂದೆ ಕೂರಿಸಿದ್ದು ನಮಗೆ ಧೈರ್ಯಕ್ಕೆ.

ಆಗ ನನಗೆ ಬಂದ ಸಿಟ್ಟೆಲ್ಲ ಆ ಡ್ರೈವರಿನ ಮೇಲೆ. ಈಗ ಯೋಚಿಸಿದರೆ ಅದು ತಪ್ಪು ವಿಳಾಸಕ್ಕೆ ಹೋದ ಸಿಟ್ಟು ಅನಿಸುತ್ತದೆ. ಗಾಡಿಯ ಮಾಲೀಕ ಯಾರು ಅಂತ ನಾನು ಕೇಳಲೇ ಇಲ್ಲ. ರಸೀದಿಯಲ್ಲಿ ಗಾಡಿ ನಂಬರ್, ಡ್ರೈವರಿನ ಮೊಬೈಲ್ ನಂಬರ್ ಮತ್ತು ಮೊತ್ತ ಇತ್ತು. ಅಷ್ಟೇ.

ಮೊದಲು ಆ ಗೇಜಿನ ಲೆಕ್ಕ ಹೇಳಿಬಿಡುತ್ತೇನೆ. ಇದು ಎಲ್ಲರಿಗೂ ಗೊತ್ತಿರಬೇಕಾದದ್ದು. ಚಿಕ್ಕ ಆಂಬುಲೆನ್ಸ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಬಿ ಟೈಪ್ ಸಿಲಿಂಡರ್. ತುಂಬಿದಾಗ ಗೇಜು ಸುಮಾರು 150 ತೋರಿಸುತ್ತದೆ, ಒಳಗೆ ಸುಮಾರು 1,500 ಲೀಟರ್ ಆಮ್ಲಜನಕ ಇರುತ್ತದೆ. ಅಂದರೆ ಈ ಸಿಲಿಂಡರಿನಲ್ಲಿ ಗೇಜಿನ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಹೆಚ್ಚುಕಡಿಮೆ ಉಳಿದಿರುವ ಲೀಟರ್ ಸಿಗುತ್ತದೆ. ನಮ್ಮದು 60 ಇತ್ತು, ಅಂದರೆ 600 ಲೀಟರ್. ಅಪ್ಪನಿಗೆ ನಿಮಿಷಕ್ಕೆ 8 ಲೀಟರ್ ಕೊಡುತ್ತಿದ್ದರು. 600ನ್ನು 8ರಿಂದ ಭಾಗಿಸಿ: 75 ನಿಮಿಷ. ಕುಮಟಾದಿಂದ ಮಣಿಪಾಲ ಸುಮಾರು 140 ಕಿಲೋಮೀಟರ್. ಮಳೆಗಾಲದ ರಾತ್ರಿಯಲ್ಲಿ ಎರಡೂವರೆ ಗಂಟೆಗೆ ಕಮ್ಮಿ ಇಲ್ಲ. ಐದನೇ ಕ್ಲಾಸಿನ ಲೆಕ್ಕ ಇದು. ಗಾಡಿ ಹೊರಡುವ ಮೊದಲೇ ಗೊತ್ತಿತ್ತು, ಭಟ್ಕಳಕ್ಕೆ ಖಾಲಿ ಅಂತ. ಗೊತ್ತಿತ್ತು ಅನ್ನುವುದಕ್ಕಿಂತ, ಲೆಕ್ಕ ಹಾಕುವುದು ಯಾರ ಕೆಲಸವೂ ಆಗಿರಲಿಲ್ಲ.

ಕಾಗದದ ಮೇಲೆ ನಮ್ಮ ದೇಶದಲ್ಲಿ ಆಂಬುಲೆನ್ಸ್‌ಗೆ ನಿಯಮ ಇಲ್ಲ ಅಂತಿಲ್ಲ. ಎಐಎಸ್-125 ಅಂತ ಒಂದು ಮಾನದಂಡ ಇದೆ. ರಾಷ್ಟ್ರೀಯ ಆಂಬುಲೆನ್ಸ್ ಸಂಹಿತೆ ಅಂತಲೂ ಕರೆಯುತ್ತಾರೆ. ಅದು ಆಂಬುಲೆನ್ಸ್‌ಗಳನ್ನು ನಾಲ್ಕು ಬಗೆ ಮಾಡುತ್ತದೆ. ಎ ಅಂದರೆ ಮೊದಲು ಸ್ಥಳಕ್ಕೆ ಓಡುವ ಗಾಡಿ. ಬಿ ಅಂದರೆ ರೋಗಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದಷ್ಟೇ. ಸಿ ಅಂದರೆ ಬೇಸಿಕ್ ಲೈಫ್ ಸಪೋರ್ಟ್, ಜೀವ ಉಳಿಸುವ ಮೂಲ ಸೌಲಭ್ಯ ಇರುವ ಗಾಡಿ. ಡಿ ಅಂದರೆ ಅಡ್ವಾನ್ಸ್ಡ್ ಲೈಫ್ ಸಪೋರ್ಟ್, ಜನ ಐಸಿಯು ಆಂಬುಲೆನ್ಸ್ ಅನ್ನುವುದು ಇದಕ್ಕೆ. ಒಳಗೆ ಎಷ್ಟು ಜಾಗ ಇರಬೇಕು, ಸ್ಟ್ರೆಚರ್ ಹೇಗೆ ಬಿಗಿದಿರಬೇಕು, ಕೂತವರಿಗೆ ಬೆಲ್ಟ್, ದೀಪ, ಬಣ್ಣ, ಎಲ್ಲ ಅದರಲ್ಲಿದೆ. 2018ರಿಂದ ಹೊಸ ಆಂಬುಲೆನ್ಸ್‌ಗಳಿಗೆ ಇದು ಕಡ್ಡಾಯ.

ಆದರೆ ಇದು ಗಾಡಿಯ ಮಾನದಂಡ. ಕಟ್ಟುವಾಗ ಹೇಗೆ ಕಟ್ಟಬೇಕು ಅನ್ನುತ್ತದೆ. ಕಟ್ಟಿದ ಮೇಲೆ ಮಂಗಳವಾರ ರಾತ್ರಿ ಹನ್ನೊಂದಕ್ಕೆ ಅದರೊಳಗೆ ಏನಿದೆ, ಯಾರಿದ್ದಾರೆ ಅಂತ ಅದು ನೋಡಲಾರದು. ಆರ್‌ಟಿಒ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಪ್ರಮಾಣಪತ್ರ ಕೊಡುತ್ತಾರೆ. ಎಂಟು ವರ್ಷದೊಳಗಿನ ಗಾಡಿಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಬ್ರೇಕು, ದೀಪ, ಹೊಗೆ ನೋಡುತ್ತಾರೆ. ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಚಾರ್ಜ್ ಆಗಿದೆಯಾ, ಕಫ ಎಳೆಯುವ ಸಕ್ಷನ್ ಮೆಷಿನ್ ಎಳೆಯುತ್ತದಾ, ಇದನ್ನೆಲ್ಲ ನೋಡಲು ಮೋಟಾರು ಇನ್ಸ್‌ಪೆಕ್ಟರಿಗೆ ಗೊತ್ತಿರಬೇಕಾದ್ದೂ ಇಲ್ಲ. ಇನ್ನೊಂದು ಕಡೆ ಆರೋಗ್ಯ ಇಲಾಖೆ ಇದೆ. 2007ರ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಕೆಳಗೆ ಖಾಸಗಿ ಆಸ್ಪತ್ರೆ, ಕ್ಲಿನಿಕ್, ಲ್ಯಾಬುಗಳು ನೋಂದಣಿ ಮಾಡಿಸಬೇಕು. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರ ಅದನ್ನು ನೋಡುತ್ತದೆ. ಆದರೆ ಆ ಕಾಯ್ದೆ ಬರೆಯುವಾಗ ಕಣ್ಣ ಮುಂದೆ ಇದ್ದದ್ದು ನಾಲ್ಕು ಗೋಡೆಯ ಆಸ್ಪತ್ರೆ. ಗೇಟಿನ ಹೊರಗೆ, ಹಲಸಿನ ಮರದ ಕೆಳಗೆ ಸಾಲಾಗಿ ನಿಂತ ಗಾಡಿಗಳಲ್ಲ.

ಹಾಗಾಗಿ ಆರ್‌ಟಿಒಗೆ ಅದು ಗಾಡಿ, ಆರೋಗ್ಯ ಇಲಾಖೆಗೂ ಅದು ಗಾಡಿಯೇ. ಒಳಗೆ ನಡೆಯುವ ಚಿಕಿತ್ಸೆಗೆ ವಾರಸುದಾರರಿಲ್ಲ. ಎತ್ತು ಏರಿಗೆ ಎಳೆಯಿತು ಕೋಣ ನೀರಿಗೆ ಎಳೆಯಿತು ಅಂತಾರೆ. ಇಲ್ಲಿ ಎಳೆಯುವವರೂ ಇಲ್ಲ, ಎರಡೂ ಕೊಟ್ಟಿಗೆಯಲ್ಲೇ ಮಲಗಿವೆ.

ನಮ್ಮ ಗಾಡಿ ಭಟ್ಕಳ ಬಿಟ್ಟು ಸ್ವಲ್ಪ ಹೊತ್ತಿಗೆ ಶಿರೂರು ಟೋಲ್ ಬಂತು. ಡ್ರೈವರ್ ವೇಗ ಇಳಿಸಿದ. ಈ ಕಡೆಯ ಆಂಬುಲೆನ್ಸ್ ಡ್ರೈವರುಗಳು ಅಲ್ಲಿ ವೇಗ ಇಳಿಸುವುದಕ್ಕೆ ಕಾರಣ ಇದೆ. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರದ ಕಡೆಗೆ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಇದೇ ಟೋಲಿನಲ್ಲಿ ಜಾರಿತು. ಸಿಸಿಟಿವಿ ವಿಡಿಯೋ ಇಡೀ ದೇಶ ನೋಡಿತು. ನೀವೂ ನೋಡಿರುತ್ತೀರಿ. ಮಳೆ ಬಿದ್ದು ಮಿನುಗುವ ರಸ್ತೆ. ಸೈರನ್ ಕೇಳಿ ಟೋಲಿನವರು ಓಡಿ ಬಂದು ಬ್ಯಾರಿಕೇಡ್ ಎಳೆಯುತ್ತಾರೆ. ಗಾಡಿ ಬರುತ್ತದೆ, ಹಿಡಿತ ತಪ್ಪಿ ಬುಗುರಿಯ ಹಾಗೆ ತಿರುಗಿ ಟೋಲಿನ ಕಟ್ಟೆಗೆ ಬಡಿಯುತ್ತದೆ. ಒಳಗಿದ್ದವರು ಹೊರಗೆ ಎಸೆಯಲ್ಪಡುತ್ತಾರೆ. ನಾಲ್ಕು ಜನ ಸತ್ತರು.

ಆಮೇಲೆ ಚರ್ಚೆಯೋ ಚರ್ಚೆ. ದನ ಅಡ್ಡ ಇತ್ತಾ, ಬ್ಯಾರಿಕೇಡ್ ಯಾಕಿತ್ತು, ರಸ್ತೆಯಲ್ಲಿ ನೀರು ಯಾಕೆ ನಿಂತಿತ್ತು, ಡ್ರೈವರ್ ಎಷ್ಟು ಸ್ಪೀಡಲ್ಲಿದ್ದ. ಎಲ್ಲವೂ ಕೇಳಬೇಕಾದ ಪ್ರಶ್ನೆಗಳೇ. ಉತ್ತರ ಕನ್ನಡದವರು ಇನ್ನೂ ಹಿಂದಕ್ಕೆ ಹೋಗಿ ಕೇಳಿದರು: ಇಷ್ಟು ದೂರ ಹೋಗುವ ಗತಿ ಯಾಕೆ ಬಂತು? ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2019ರಲ್ಲೇ ಜಾಲತಾಣಗಳಲ್ಲಿ ಕೂಗು ಎದ್ದಿತ್ತು. ಶಿರೂರಿನ ನಂತರ 'ನೋ ಹಾಸ್ಪಿಟಲ್ ನೋ ವೋಟ್' ಅಂತ ಮತ್ತೆ ಎದ್ದಿತು. ನಮ್ಮಲ್ಲಿ ಆಂಬುಲೆನ್ಸ್ ಅಂದರೆ ಮನೆಯಿಂದ ಆಸ್ಪತ್ರೆಗೆ ಹೋಗುವ ಗಾಡಿ ಅಲ್ಲ. ಆಸ್ಪತ್ರೆಯಿಂದ ಆಸ್ಪತ್ರೆಗೆ, ನೂರು ಇನ್ನೂರು ಕಿಲೋಮೀಟರ್ ಓಡುವ ಗಾಡಿ. ಕಾರವಾರದವರು ಗೋವಾಕ್ಕೆ, ಶಿರಸಿ ಯಲ್ಲಾಪುರದವರು ಹುಬ್ಬಳ್ಳಿಗೆ, ಕರಾವಳಿಯವರು ಮಣಿಪಾಲ ಮಂಗಳೂರಿಗೆ. 108 ಇದೆ, 2008ರ ನವೆಂಬರ್‌ನಿಂದ ಇದೆ, ಎಷ್ಟೋ ಜೀವ ಉಳಿಸಿದೆ. ಆದರೆ ಖಾಸಗಿ ಆಸ್ಪತ್ರೆಯಿಂದ ದೂರದ ಖಾಸಗಿ ಆಸ್ಪತ್ರೆಗೆ ಅಂದರೆ ಕೈಗೆ ಸಿಗುವುದು ಗೇಟಿನ ಮುಂದಿನ ಖಾಸಗಿ ಗಾಡಿಯೇ. ಮೂರು ಗಂಟೆಯ ದಾರಿ ಅದು. ಮೂರು ಗಂಟೆ ರೋಗಿ ಯಾರ ಕೈಯಲ್ಲಿದ್ದಾನೆ?

ಶಿರೂರಿನ ಚರ್ಚೆಯಲ್ಲಿ ನನಗೆ ಕೇಳಿಸದೇ ಹೋದ ಪ್ರಶ್ನೆಗಳು ಕೆಲವಿವೆ. ಒಳಗೆ ಎಷ್ಟು ಜನ ಇದ್ದರು, ಎಷ್ಟು ಜನರಿಗೆ ಬೆಲ್ಟ್ ಇತ್ತು? ಟೈರಿನ ಹಲ್ಲು ಎಷ್ಟು ಉಳಿದಿತ್ತು? ಒದ್ದೆ ರಸ್ತೆಯಲ್ಲಿ ಭಾರದ ಗಾಡಿ ಹೇಗೆ ಓಡಿಸಬೇಕು ಅಂತ ಯಾರಾದರೂ ಯಾವತ್ತಾದರೂ ಕಲಿಸಿದ್ದರಾ? ಆ ಒಂದು ಗಾಡಿಯ ಬಗ್ಗೆ ಮಾತ್ರ ಇದನ್ನು ಕೇಳುತ್ತಿಲ್ಲ. ಯಾವುದೇ ಆಂಬುಲೆನ್ಸ್ ಅಪಘಾತವಾದರೂ ಇವು ಕೇಳಿಸುವುದಿಲ್ಲ. 2025ರ ನವೆಂಬರ್ ಆರಂಭದಲ್ಲಿ ಬೆಂಗಳೂರಿನ ರಿಚ್ಮಂಡ್ ವೃತ್ತದಲ್ಲಿ ಆಂಬುಲೆನ್ಸ್ ಗುದ್ದಿ ಸ್ಕೂಟರಿನಲ್ಲಿದ್ದ ದಂಪತಿ ಸತ್ತರು. ಡ್ರೈವರನ್ನು ಹಿಡಿದರು. 2024ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನಲ್ಲಿ ಆಂಬುಲೆನ್ಸ್ ವಿದ್ಯುತ್ ಕಂಬಕ್ಕೆ ಬಡಿದು ಬೆಂಕಿ ಹತ್ತಿ, ಒಳಗಿದ್ದ ರೋಗಿ ಸುಟ್ಟು ಸತ್ತರು. ಅಲ್ಲೂ ಮೊದಲ ಸುದ್ದಿ ಡ್ರೈವರಿನದೇ. ನಿರ್ಲಕ್ಷ್ಯದಿಂದ ಸಾವು ಅನ್ನುವ ಕಲಂ ಮೊದಲು ಐಪಿಸಿ 304ಎ ಆಗಿತ್ತು, ಈಗ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 106. ಅದು ಸ್ಟೀರಿಂಗ್ ಹಿಡಿದವನ ಕೊರಳಿಗೆ ಸಲೀಸಾಗಿ ಬೀಳುತ್ತದೆ. ಅವನನ್ನು ಆ ಸೀಟಿಗೆ ಕಳಿಸಿದವನವರೆಗೆ ಹೋಗುವುದು ಬಹಳ ಅಪರೂಪ.

ದುಡಿಮೆಯ ಗಂಟೆ ತೆಗೆದುಕೊಳ್ಳಿ. 1961ರಲ್ಲೇ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂದು, ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಬರೆಯಿತು. ಮೋಟಾರು ವಾಹನ ಕಾಯ್ದೆಯೂ ಅದನ್ನೇ ತೋರಿಸಿತು. ಒಳ್ಳೆಯದೇ. ಆದರೆ 1961ರ ಆ ಕಾಯ್ದೆ ಹಿಡಿದದ್ದು ಐದು ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಸಂಸ್ಥೆಗಳನ್ನು. ನಮ್ಮ ತಾಲೂಕು ಕೇಂದ್ರಗಳ ಆಂಬುಲೆನ್ಸ್ ಮಾಲೀಕರ ಹತ್ತಿರ ಒಂದೋ ಎರಡೋ ಗಾಡಿ, ಇಬ್ಬರೋ ಮೂವರೋ ಡ್ರೈವರುಗಳು. ಬಲೆಯ ಕಣ್ಣಿಗಿಂತ ಮೀನು ಚಿಕ್ಕದು. ಲೈಸೆನ್ಸ್ ಇಲ್ಲದವನಿಗೆ ಗಾಡಿ ಕೊಟ್ಟರೆ ಮಾಲೀಕನಿಗೆ ಶಿಕ್ಷೆ ಇದೆ. ಇಪ್ಪತ್ತು ಗಂಟೆ ನಿದ್ದೆಗೆಟ್ಟವನಿಗೆ ಕೀ ಕೊಟ್ಟರೆ? ಅಕ್ಕನ ಮಗನನ್ನು ಜೊತೆಗೆ ಕಳಿಸಬೇಕು, ಅಷ್ಟೇ.

ಇನ್ನೊಂದು ತಮಾಷೆ ನೋಡಿ. ಆಂಬುಲೆನ್ಸ್‌ಗೆ ದಾರಿ ಬಿಡದಿದ್ದರೆ ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಸೇರಿಸಿದ 194ಇ ಕಲಮಿನ ಪ್ರಕಾರ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸರಿಯಾದ ನಿಯಮವೇ. ಆದರೆ ನಾನು ದಾರಿ ಬಿಟ್ಟ ಆ ಗಾಡಿಯೊಳಗೆ ಸಿಲಿಂಡರ್ ಖಾಲಿ ಇದ್ದರೆ? ಅದನ್ನು ಹೆಸರಿಟ್ಟು ಹೇಳುವ ಕಲಂ ಆ ಕಾಯ್ದೆಯಲ್ಲಿಲ್ಲ. ಆಮೇಲೆ ಗ್ರಾಹಕರ ಆಯೋಗಕ್ಕೆ ಹೋಗಬಹುದು, ಹೋಗುವ ಚೈತನ್ಯ ಉಳಿದಿದ್ದರೆ.

ತಪ್ಪು ಬರೀ ಮಾಲೀಕರದು, ಸರ್ಕಾರದ್ದು ಅಂದರೆ ನಾವು ಸುಲಭವಾಗಿ ತಪ್ಪಿಸಿಕೊಂಡ ಹಾಗಾಗುತ್ತದೆ. ನಮಗೆ ವೇಗದ ಹುಚ್ಚು. ಕನ್ನಡದ ಟಿವಿಗಳು 'ಝೀರೋ ಟ್ರಾಫಿಕ್' ಅನ್ನುವ ಪದವನ್ನು ಮನೆಮಾತು ಮಾಡಿವೆ. 2020ರ ಫೆಬ್ರವರಿಯಲ್ಲಿ ನಲವತ್ತು ದಿನದ ಹಸುಗೂಸನ್ನು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ನಾಲ್ಕೂವರೆ ಗಂಟೆಯೊಳಗೆ ಮುಟ್ಟಿಸಿದ್ದು ಯಾರಿಗೆ ನೆನಪಿಲ್ಲ? ಊರೂರಲ್ಲಿ ಜನ ರಸ್ತೆ ಬದಿ ನಿಂತು ದಾರಿ ಮಾಡಿಕೊಟ್ಟರು. ಪೊಲೀಸರು ಕೈಜೋಡಿಸಿದರು. ಡ್ರೈವರಿಗೆ ಹಾರ ತುರಾಯಿ. ನಾನೂ ಆವತ್ತು ಫೋನಿನಲ್ಲಿ ನೋಡುತ್ತಾ ಕೂತಿದ್ದೆ, ಕಣ್ಣು ಒದ್ದೆಯಾಗಿತ್ತು. ಅದು ನಿಜಕ್ಕೂ ಒಳ್ಳೆಯ ಕೆಲಸ, ಪೊಲೀಸರು ಮುಂದೆ ನಿಂತು ದಾರಿ ತೆರವು ಮಾಡಿದ ಕೆಲಸ.

ತೊಂದರೆ ಶುರುವಾಗುವುದು ಆಮೇಲೆ. ಪೊಲೀಸರಿಲ್ಲದ, ದಾರಿ ತೆರವಾಗಿರದ, ಮಾಮೂಲಿ ದಿನಗಳ ಟ್ರಿಪ್ಪಿಗೂ ಅದೇ ಅಳತೆಗೋಲು ಬಂದುಬಿಡುತ್ತದೆ. "ಎಷ್ಟು ಗಂಟೆಗೆ ಮುಟ್ಟಿಸಿದ?" ಅನ್ನುವುದೇ ಒಳ್ಳೆಯ ಡ್ರೈವರಿನ ಗುರುತು. ದಾರಿಯಲ್ಲಿ ಬಿಪಿ ಎಷ್ಟಿತ್ತು, ಯಾರು ಬರೆದುಕೊಂಡರು ಅಂತ ಯಾರೂ ಕೇಳುವುದಿಲ್ಲ. ವಿಡಿಯೋ ಆಗುವುದು ಸ್ಪೀಡೋಮೀಟರಿನದು, ಗೇಜಿನದಲ್ಲ.

ಸೈರನ್ ಹಾಕಿ ಓಡುವುದರ ಬೆಲೆ ಏನು ಅಂತ ಅಮೆರಿಕದಲ್ಲಿ ಲೆಕ್ಕ ಹಾಕಿದ್ದಾರೆ. 2016ರ ದಾಖಲೆಗಳನ್ನು ಇಟ್ಟುಕೊಂಡು 2019ರಲ್ಲಿ ಪ್ರಕಟವಾದ ಅಧ್ಯಯನ ಅದು. ರೋಗಿಯನ್ನು ಹೊತ್ತು ಆಸ್ಪತ್ರೆಗೆ ಹೋಗುವಾಗ ಸೈರನ್, ದೀಪ ಇಲ್ಲದೆ ಹೋದರೆ ಒಂದು ಲಕ್ಷ ಟ್ರಿಪ್ಪಿಗೆ 7 ಅಪಘಾತ. ಸೈರನ್ ಹಾಕಿ ಹೋದರೆ 17. ಎರಡೂವರೆ ಪಟ್ಟಿನ ಹತ್ತಿರ. ಅಲ್ಲಿನ ಪೇಟೆಗಳಲ್ಲಿ ಸೈರನ್ನಿನಿಂದ ಉಳಿಯುವುದು ಬಹಳ ಸಲ ಕೆಲವೇ ನಿಮಿಷ. ಆ ನಿಮಿಷ ಬೇಕಾದ ರೋಗಿಗಳು ಇರುತ್ತಾರೆ, ಇಲ್ಲ ಅನ್ನುವುದಿಲ್ಲ. ಹೃದಯ ನಿಂತವರು, ರಕ್ತ ನಿಲ್ಲದವರು. ಆದರೆ ಸ್ಥಿರವಾಗಿರುವ ರೋಗಿಯನ್ನೂ, ಡಿಸ್ಚಾರ್ಜ್ ಆಗಿ ಮನೆಗೆ ಹೊರಟವರನ್ನೂ, ಕೆಲವೊಮ್ಮೆ ಖಾಲಿ ಗಾಡಿಯನ್ನೂ ಒಂದೇ ಸೈರನ್ನಿನಲ್ಲಿ ಓಡಿಸುವುದು ಯಾಕೆ? ನಮ್ಮ ದೇಶದ 2017ರ ಚಾಲನಾ ನಿಯಮಾವಳಿ ಆಂಬುಲೆನ್ಸ್‌ಗೆ ಸಿಗ್ನಲ್ ದಾಟುವಂಥ ವಿನಾಯಿತಿ ಕೊಡುತ್ತದೆ, ನಿಜ. ಜೊತೆಗೇ ಎಚ್ಚರಿಕೆಯಿಂದ ಅನ್ನುವ ಮಾತೂ ಅದರಲ್ಲಿದೆ. ಯಾವ ರೋಗಿಗೆ ಸೈರನ್, ಯಾವ ರೋಗಿಗೆ ಬೇಡ ಅನ್ನುವುದನ್ನು ಡ್ರೈವರಿನ ಕೈ ತೀರ್ಮಾನಿಸಬಾರದು. ರೋಗಿಯನ್ನು ಕಳಿಸುವ ಡಾಕ್ಟರು ಚೀಟಿಯಲ್ಲಿ ಬರೆಯಬೇಕು. ಗಾಡಿ ನಡೆಸುವವರು ಅದನ್ನು ಪಾಲಿಸುವಂತೆ ನೋಡಿಕೊಳ್ಳಬೇಕು. ಇಂಥ ಚೀಟಿಯನ್ನು ನಾನು ಇನ್ನೂ ನೋಡಿಲ್ಲ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಅದಿಲ್ಲದೆ ಇದು ಅರ್ಥವಾಗುವುದಿಲ್ಲ. ಆಸ್ಪತ್ರೆ ಗೇಟಿನ ಮುಂದೆ ಸ್ಟ್ಯಾಂಡ್ ಇರುತ್ತದೆ, ಸರದಿ ಇರುತ್ತದೆ. ಯಾರ ಸರದಿಯೋ ಅವರ ಗಾಡಿ. ಹೊರಗಿನ ಗಾಡಿ ಬಂದರೆ ಜಗಳ. ಅಂದರೆ ರೋಗಿಗೆ ತಕ್ಕ ಗಾಡಿ ಅಲ್ಲ, ಸರದಿಗೆ ತಕ್ಕ ಗಾಡಿ. ವೆಂಟಿಲೇಟರ್ ಬೇಕಾದವರಿಗೆ ಓಮ್ನಿ ಬಂದು ನಿಂತರೂ ಆಶ್ಚರ್ಯವಿಲ್ಲ. ಫೋನ್ ಮಾಡಿಕೊಟ್ಟವರಿಗೆ ಒಂದಿಷ್ಟು. ಕೆಲವು ಕಡೆ ರೋಗಿಯನ್ನು ತಂದುಬಿಟ್ಟ ಆಸ್ಪತ್ರೆಯಿಂದಲೂ ಡ್ರೈವರಿಗೆ ಒಂದಿಷ್ಟು. ಸಂಬಳ ಕಮ್ಮಿ, ಕಮಿಷನ್ ಮೇಲೆ ಬದುಕು. ಟ್ರಿಪ್ ಜಾಸ್ತಿ ಮಾಡಿದವನಿಗೆ ಕಾಸು ಜಾಸ್ತಿ. ಇಂಥ ಕಡೆ ಎರಡು ಟ್ರಿಪ್ಪಿನ ನಡುವೆ ಸ್ಟ್ರೆಚರ್ ತೊಳೆಯಲು, ಸಿಲಿಂಡರ್ ತುಂಬಿಸಲು, ಕಣ್ಣು ಮುಚ್ಚಲು ಹೋದ ಒಂದೊಂದು ಗಂಟೆಯೂ ನಷ್ಟವೇ. ಡ್ರೈವರ್ ಕೆಟ್ಟವನಾಗಿರಬೇಕಿಲ್ಲ. ಲೆಕ್ಕವೇ ಹಾಗಿದೆ.

ಸರ್ಕಾರದ ಕಣ್ಣು ಇದರ ಮೇಲೆ ಬಿದ್ದಾಗಲೆಲ್ಲ ಮೊದಲು ಕಾಣುವುದು ದರ. ಕೋವಿಡ್ ಕಾಲದ ಸುಲಿಗೆ ನೋಡಿ ಸುಪ್ರೀಂ ಕೋರ್ಟ್ 2020ರ ಸೆಪ್ಟೆಂಬರ್‌ನಲ್ಲಿ ರಾಜ್ಯಗಳಿಗೆ ಸಮಂಜಸ ದರ ನಿಗದಿ ಮಾಡಿ ಅಂದಿತು. ಕೇರಳ 2024ರಲ್ಲಿ ಆಂಬುಲೆನ್ಸ್‌ಗಳನ್ನು ವರ್ಗ ಮಾಡಿ ದರಪಟ್ಟಿ ಹೊರಡಿಸಿತು. ನಮ್ಮಲ್ಲೂ ಖಾಸಗಿ ಆಂಬುಲೆನ್ಸ್‌ಗಳನ್ನು ಕೆಪಿಎಂಇ ಕಾಯ್ದೆಯೊಳಗೆ ತರುವ, ದರ ಕಟ್ಟುವ ಮಾತನ್ನು ಆರೋಗ್ಯ ಇಲಾಖೆ ಆಡಿದೆ. ದರ ಬೇಡ ಅನ್ನುತ್ತಿಲ್ಲ. ನಡುರಾತ್ರಿ ಚೌಕಾಶಿ ಮಾಡುವ ಸಂಕಟ ಅನುಭವಿಸಿದವರಿಗೇ ಗೊತ್ತು. ಆದರೆ ಬರೀ ದರ ಕಟ್ಟಿ ಉಳಿದದ್ದನ್ನು ಬಿಟ್ಟರೆ ಏನಾಗುತ್ತದೆ? ಮಾಲೀಕ ಎಲ್ಲಿ ಉಳಿಸುತ್ತಾನೆ? ಡೀಸೆಲ್ ಉಳಿಸಲಾಗುವುದಿಲ್ಲ. ಉಳಿಸಬಹುದಾದದ್ದು ಹಿಂದೆ ಕೂರಬೇಕಾದ ಟೆಕ್ನೀಶಿಯನ್ನಿನ ಸಂಬಳ, ಮತ್ತು ಸವೆದ ಟೈರು.

ಹೊರಗಿನವರು ಇದನ್ನು ಹೇಗೆ ನೋಡುತ್ತಾರೆ ಅಂತ ಸ್ವಲ್ಪ ಹುಡುಕಿದೆ. ಇಂಗ್ಲೆಂಡಿನಲ್ಲಿ ಕೇರ್ ಕ್ವಾಲಿಟಿ ಕಮಿಷನ್ ಅಂತ ಒಂದು ಸಂಸ್ಥೆ ಇದೆ. ಅಲ್ಲಿ ರೋಗಿಗಳನ್ನು ಸಾಗಿಸುವ ಖಾಸಗಿ ಆಂಬುಲೆನ್ಸ್ ಸಂಸ್ಥೆಗಳು ಅದರಲ್ಲಿ ನೋಂದಣಿ ಮಾಡಿಸಬೇಕು. ತಪಾಸಣೆಗೆ ಬಂದವರು ಐದು ವಿಷಯ ನೋಡುತ್ತಾರೆ: ಸೇವೆ ಸುರಕ್ಷಿತವಾಗಿದೆಯಾ, ಪರಿಣಾಮಕಾರಿಯಾಗಿದೆಯಾ, ಕಾಳಜಿಯಿಂದ ನೋಡಿಕೊಳ್ಳುತ್ತಾರಾ, ಜನರ ಅಗತ್ಯಕ್ಕೆ ಸ್ಪಂದಿಸುತ್ತದಾ, ಕೊನೆಗೆ, ಚೆನ್ನಾಗಿ ನಡೆಸುತ್ತಿದ್ದಾರಾ. ಆ ಕೊನೆಯ ಪ್ರಶ್ನೆ ನನಗೆ ಹಿಡಿಸಿತು. ಅದನ್ನು ಡ್ರೈವರಿಗೆ ಕೇಳುವುದಿಲ್ಲ, ಮೇಲಿನವರಿಗೆ ಕೇಳುತ್ತಾರೆ. ನಿಮ್ಮ ಸಂಸ್ಥೆಯಲ್ಲಿ ಏನೇನು ಅಪಾಯ ಇದೆ ಅಂತ ನಿಮಗೆ ಗೊತ್ತಾ? ಗೊತ್ತಿದ್ದರೆ ಬರೆದಿಟ್ಟಿದ್ದೀರಾ? ಕಳೆದ ಸಲ ಎಡವಟ್ಟಾದಾಗ ಏನು ಬದಲಾಯಿಸಿದಿರಿ?

ಹಾಗಂತ ಅಲ್ಲಿ ಎಲ್ಲ ಸರಿ ಇದೆ ಅಂತ ತಿಳಿಯಬೇಡಿ. 2019ರ ಮಾರ್ಚ್‌ನಲ್ಲಿ ಅದೇ ಸಂಸ್ಥೆ ಖಾಸಗಿ ಆಂಬುಲೆನ್ಸ್‌ಗಳ ಬಗ್ಗೆ ಒಂದು ವರದಿ ತಂದಿತು. ಔಷಧಿ ಇಡುವುದರಲ್ಲಿ ಅಶಿಸ್ತು, ಸ್ವಚ್ಛತೆ ಸಾಲದು, ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಸರಿಯಾಗಿ ವಿಚಾರಿಸುವುದಿಲ್ಲ, ತರಬೇತಿ ಅರೆಬರೆ. ಓದುವಾಗ ನಮ್ಮೂರಿನ ಸ್ಟ್ಯಾಂಡ್ ಕಣ್ಣ ಮುಂದೆ ಬಂತು. ವ್ಯತ್ಯಾಸ ಒಂದೇ. ಅಲ್ಲಿ ಅದನ್ನು ನೋಡಿ ಬರೆಯುವವರಿದ್ದಾರೆ, ಬರೆದದ್ದು ಯಾರು ಬೇಕಾದರೂ ಓದಬಹುದು, ಸಂಸ್ಥೆ ನಡೆಸುವವರ ಹೆಸರು ಕಡತದಲ್ಲಿರುತ್ತದೆ. ನಮ್ಮಲ್ಲಿ ಇದೇ ಕೊರತೆ ಹಲಸಿನ ಮರದ ಕೆಳಗಿನ ಹರಟೆಯಲ್ಲಿ ಮುಗಿದುಹೋಗುತ್ತದೆ.

ಇಷ್ಟೆಲ್ಲ ದೊಡ್ಡ ವ್ಯವಸ್ಥೆ ಎರಡು ಗಾಡಿಯ ಮಾಲೀಕನಿಗೆ ಆಗುತ್ತದಾ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಅಪ್ಪನ ಘಟನೆಯಾದ ಮೇಲೆ ಪರಿಚಯದವರೊಬ್ಬರು ತಮ್ಮ ಗೆಳೆಯನ ಬಳಿ ಕರೆದೊಯ್ದರು. ಘಟ್ಟದ ಮೇಲಿನ ಒಂದು ಊರು, ಎರಡು ಗಾಡಿ. ಮನೆಯ ಜಗಲಿಯಲ್ಲಿ ಮೊಳೆಗೆ ಒಂದು ಉದ್ದ ನೋಟ್‌ಬುಕ್ ನೇತುಹಾಕಿದ್ದರು, ಹಾಲಿನ ಲೆಕ್ಕದ ಪುಸ್ತಕದ ಹಾಗೆ. ಒಂದೊಂದು ಟ್ರಿಪ್ಪಿಗೆ ಒಂದೊಂದು ಸಾಲು. ಹೊರಡುವಾಗ ಗೇಜು ಎಷ್ಟು, ಬಂದ ಮೇಲೆ ಎಷ್ಟು. ಪಾನ ಇದೆ, ಸಕ್ಷನ್ ನೋಡಿದೆ, ಬೆಲ್ಟ್ ನೋಡಿದೆ. ಡ್ರೈವರ್ ಹಿಂದಿನ ಟ್ರಿಪ್ ಮುಗಿಸಿದ್ದು ಎಷ್ಟು ಗಂಟೆಗೆ. ಕೊನೆಯ ಕಾಲಮಿನಲ್ಲಿ ಸಹಿ. ಡ್ರೈವರಿನದಲ್ಲ, ಮಾಲೀಕರದ್ದು. ಅವರಿಲ್ಲದಾಗ ಅವರ ಹೆಂಡತಿ ಸಹಿ ಹಾಕುತ್ತಾರೆ. "ಅವಳೇ ನನಗಿಂತ ಕಟ್ಟುನಿಟ್ಟು ಮಾರಾಯ್ರೇ, ಗೇಜು ನೂರಕ್ಕಿಂತ ಕೆಳಗಿದ್ರೆ ಕೀ ಕೊಡೂದೇ ಇಲ್ಲ" ಅಂದರು. ಪುಟ ತಿರುಗಿಸಿದೆ. ಒಂದು ಕಡೆ ಕೆಂಪು ಶಾಯಿಯಲ್ಲಿ 'ಹೋಗಲಿಲ್ಲ' ಅಂತ ಬರೆದಿತ್ತು. ಯಾಕೆ ಅಂತ ಕೇಳಿದೆ. ಡ್ರೈವರ್ ಹುಬ್ಬಳ್ಳಿಯಿಂದ ಬಂದು ಎರಡು ತಾಸೂ ಆಗಿರಲಿಲ್ಲ, ಇನ್ನೊಬ್ಬ ಊರಲ್ಲಿರಲಿಲ್ಲ, ಬೇರೆ ಗಾಡಿಯವರಿಗೆ ಹೇಳಿಕಳಿಸಿದೆವು ಅಂದರು. ಬಾಡಿಗೆ ಹೋಯಿತು, ಬೈಗುಳವೂ ಸಿಕ್ಕಿತಂತೆ.

ಮೇಲ್ವಿಚಾರಣೆ ಅಂದರೆ ಇದು. ಖರ್ಚು ಒಂದು ನೋಟ್‌ಬುಕ್ಕು, ಮತ್ತು ಕೆಲವು ಬಾಡಿಗೆ ಬಿಟ್ಟುಕೊಡುವ ಗಟ್ಟಿತನ. ಎರಡನೆಯದು ದುಬಾರಿ, ಒಪ್ಪುತ್ತೇನೆ. ಒಬ್ಬರೇ ಬಿಟ್ಟುಕೊಟ್ಟರೆ ಪಕ್ಕದವನಿಗೆ ಲಾಭ. ಅದಕ್ಕೇ ಕಾನೂನು ಬೇಕಾಗುವುದು, ಎಲ್ಲರಿಗೂ ಒಂದೇ ಗೆರೆ ಎಳೆಯಲು.

ನಿಯಮ ಬರೆಯುವವರು ನನ್ನನ್ನೇನೂ ಕೇಳುವುದಿಲ್ಲ. ಕೇಳಿದರೆ ಹೇಳುವುದು ಇಷ್ಟು. ನೋಂದಣಿ ಅರ್ಜಿಯ ಮೊದಲ ಸಾಲಿನಲ್ಲಿ ಗಾಡಿ ನಂಬರ್ ಅಲ್ಲ, ಹೊಣೆ ಹೊರುವ ಒಬ್ಬ ಮನುಷ್ಯನ ಹೆಸರು ಇರಲಿ. ಅದೇ ಹೆಸರು, ಫೋನ್ ನಂಬರ್ ಗಾಡಿಯ ಹಿಂದಿನ ಬಾಗಿಲಿನ ಒಳಗಡೆ, ರೋಗಿಯ ಕಡೆಯವರಿಗೆ ಕಾಣುವ ಹಾಗೆ ಬರೆದಿರಲಿ. ಎ, ಬಿ, ಸಿ, ಡಿ ಯಾವ ಬಗೆ ಅನ್ನುವುದೂ ಹೊರಗೆ ದೊಡ್ಡದಾಗಿ ಇರಲಿ, ಬಿ ಗಾಡಿಗೆ 'ಐಸಿಯು' ಅಂತ ಬರೆಸಿದರೆ ಅದು ಮೋಸ ಅಂತಲೇ ಲೆಕ್ಕವಾಗಲಿ. ಸಿ ಮತ್ತು ಡಿ ಗಾಡಿಯಲ್ಲಿ ಹಿಂದೆ ಕೂರುವವರ ಓದು ಏನು ಅಂತ ಕೇಳುವ ಹಕ್ಕು ಇರಲಿ. ತುರ್ತು ವೈದ್ಯಕೀಯ ತಂತ್ರಜ್ಞರನ್ನು 2021ರ ಕೇಂದ್ರ ಕಾಯ್ದೆ ಒಂದು ವೃತ್ತಿ ಅಂತ ಗುರುತಿಸಿಯಾಗಿದೆ, ಅಕ್ಕನ ಮಗ ಅದರಲ್ಲಿ ಬರುವುದಿಲ್ಲ. ಅಪಘಾತವಾದರೆ ಡ್ರೈವರಿನ ಹಿಂದಿನ ಎರಡು ದಿನದ ಟ್ರಿಪ್ಪುಗಳ ಪಟ್ಟಿಯನ್ನು ಮಾಲೀಕ ಪೊಲೀಸರಿಗೆ ಕೊಡಲೇಬೇಕು ಅಂತಾಗಲಿ. ಮತ್ತೆ, ಕಳಿಸಿಕೊಡುವ ಆಸ್ಪತ್ರೆಯನ್ನೂ ಬಿಡಬೇಡಿ. ಗೇಟು ದಾಟಿದ ಮೇಲೆ ನಮಗೆ ಸಂಬಂಧವಿಲ್ಲ ಅಂತ ಹೇಳಲು ಬರಬಾರದು. ಅವರ ವಾರ್ಡಿನಿಂದಲೇ ಅಲ್ವಾ ಫೋನ್ ಹೋದದ್ದು?

ಈ ನಿಯಮಗಳು ಬರುವುದಕ್ಕೆ ಎಷ್ಟು ದಿನವೋ. ಅಷ್ಟರೊಳಗೆ ನಿಮ್ಮ ಮನೆಯಲ್ಲೂ ಇಂಥ ರಾತ್ರಿ ಬಂದರೆ, ಹತ್ತುವ ಮೊದಲು ಒಂದು ನಿಮಿಷ ತೆಗೆದುಕೊಳ್ಳಿ. ಅವಸರದಲ್ಲಿ ಆ ಒಂದು ನಿಮಿಷ ಪಾಪದ ಹಾಗೆ ಅನಿಸುತ್ತದೆ, ಪರವಾಗಿಲ್ಲ. ಡಾಕ್ಟರನ್ನು ಕೇಳಿ: ನಿಮಿಷಕ್ಕೆ ಎಷ್ಟು ಲೀಟರ್ ಬೇಕು, ದಾರಿಯಲ್ಲಿ ಹೆಚ್ಚುಕಮ್ಮಿಯಾದರೆ ಯಾರಿಗೆ ಫೋನ್ ಮಾಡಲಿ? ರೋಗಿಗೆ ಬೆಲ್ಟ್ ಹಾಕಿಸಿ, ನೀವೂ ಹಾಕಿಕೊಳ್ಳಿ. ನೆಂಟರು ಐದು ಜನ ಹತ್ತಬೇಡಿ, ಒಬ್ಬರು ಸಾಕು, ಉಳಿದವರು ಕಾರಿನಲ್ಲಿ ಬರಲಿ. "ಸ್ವಲ್ಪ ಬೇಗ ಹೊಡಿಯಪ್ಪಾ" ಅಂತ ಬೆನ್ನ ಹಿಂದೆ ಹೇಳುತ್ತಾ ಇರಬೇಡಿ, ನಾನು ಹೇಳುತ್ತಾ ಇದ್ದೆ. ಸಿಲಿಂಡರಿನ ಗೇಜು ನೋಡಿ. ಅದು ಎಲ್ಲಿದೆ ಅಂತ ಗೊತ್ತಾಗದಿದ್ದರೆ ಜೊತೆಗೆ ಬರುವ ಹುಡುಗನನ್ನು ಕೇಳಿ. ಅವನಿಗೂ ಗೊತ್ತಿಲ್ಲದಿದ್ದರೆ ಬೇರೆ ಗಾಡಿ ಕರೆಸಿ. ಆ ಹೊತ್ತಿನಲ್ಲಿ ಬೇರೆ ಗಾಡಿ ಸಿಗುವ ಊರಿನಲ್ಲಿ ನೀವಿದ್ದರೆ.